ಬಂಧನಕ್ಕೂ ತೀರ್ಪಿಗೂ ನಡುವಿನ ವರ್ಷಗಳು

ಭಯೋತ್ಪಾದನೆಯನ್ನು ಹತ್ತಿಕ್ಕುವ ಕಾನೂನುಗಳ ಬಗ್ಗೆ ಕರ್ನಾಟಕದ ಮುಸ್ಲಿಮರು ಮೂರು ದಶಕಗಳಿಂದ ಎರಡು ಮಾತುಗಳನ್ನು ಒಟ್ಟೊಟ್ಟಿಗೇ ಹೇಳುತ್ತ ಬಂದಿದ್ದಾರೆ. ಬಾಂಬ್ ಇಟ್ಟವರನ್ನು ಹಿಡಿಯಿರಿ, ಶಿಕ್ಷೆ ಕೊಡಿಸಿ ಎಂಬುದು ಒಂದು. ಹಿಡಿದವರ ಮೇಲಿನ ಆರೋಪವನ್ನು ಬೇಗ ಸಾಬೀತು ಮಾಡಿ, ಆಗದಿದ್ದರೆ ಬಿಟ್ಟುಬಿಡಿ ಎಂಬುದು ಇನ್ನೊಂದು. ಮೊದಲ ಮಾತಿಗೆ ಕಿವಿಗೊಟ್ಟವರು ಕಡಿಮೆ. ಎರಡನೆಯ ಮಾತು ಕೇಳಿದವರಲ್ಲಿ ಬಹಳ ಮಂದಿ ಅದನ್ನು ಆರೋಪಿಗಳ ಪರ ವಕಾಲತ್ತು ಎಂದೇ ತಿಳಿದರು. ಈ ಎರಡು ಮಾತುಗಳ ನಡುವೆ ವಿರೋಧವೇನೂ ಇಲ್ಲ. ರಾಜ್ಯದಲ್ಲಿ ನಡೆದ ಪ್ರಕರಣಗಳನ್ನು ಒಂದೊಂದಾಗಿ ನೋಡಿದರೆ, ಸಮುದಾಯದ ತಕರಾರು ಕಾನೂನು ಇದೆಯೆಂಬುದಕ್ಕಿಂತ ಬಂಧನದ ದಿನಕ್ಕೂ ತೀರ್ಪಿನ ದಿನಕ್ಕೂ ನಡುವೆ ಕಳೆದುಹೋಗುವ ವರ್ಷಗಳ ಬಗ್ಗೆ ಇದೆ ಎಂಬುದು ಗೊತ್ತಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಈ ವಿಷಯ ಬಹುಮಟ್ಟಿಗೆ ಹೊರಗಿನ ಸುದ್ದಿಯಾಗಿಯೇ ಬಂದಿದೆ. 2011ರ ಜನಗಣತಿಯ ಪ್ರಕಾರ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ 11ರಷ್ಟು. ಘಟಪ್ರಭೆ, ಹಿರಣ್ಯಕೇಶಿಗಳ ದಂಡೆಯ ಈ ಊರುಗಳಲ್ಲಿ ಅವರ ಅಡ್ಡಹೆಸರುಗಳೇ ಕಸುಬನ್ನು ಹೇಳುತ್ತವೆ. ನದಾಫರು ಹತ್ತಿ ಹಿಂಜುತ್ತಿದ್ದವರು, ಬಾಗವಾನರು ಹಣ್ಣು ಮಾರುವವರು, ಮೋಮಿನರು ನೇಕಾರರು, ಮುಜಾವರರು ದರ್ಗಾದ ಸೇವೆಯವರು. ಅತ್ತಾರ, ತಾಂಬೋಳಿ, ಜಮಾದಾರ, ಮುಲ್ಲಾ ಎಂದು ಪಟ್ಟಿ ಉದ್ದವಿದೆ. ಮನೆಯೊಳಗೆ ದಖನಿ, ಪೇಟೆಯಲ್ಲಿ ಕನ್ನಡ, ಸಂಕೇಶ್ವರದ ಕಡೆಗೆ ಹೋದರೆ ಮರಾಠಿಯೂ ಸೇರುತ್ತದೆ. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಮೊಹರಂ ಬಂದರೆ ಪಂಜಾ ಹಿಡಿಯುವವರಲ್ಲಿ, ಕರ್ಬಲ್ ಹೆಜ್ಜೆ ಹಾಕುವವರಲ್ಲಿ, ಕನ್ನಡದಲ್ಲಿ ರಿವಾಯತ್ ಪದ ಹೇಳುವವರಲ್ಲಿ ಹಿಂದೂಗಳೇ ಹೆಚ್ಚಿರುವ ಹಳ್ಳಿಗಳು ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಇದೇ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆ ಇಲ್ಲದಿದ್ದರೂ ಹಬ್ಬ ಐದು ದಿನ ನಡೆಯುತ್ತದೆ. ಇಂಥ ಕಡೆ ‘ಉಗ್ರ’ ಎಂಬ ಶಬ್ದ ಟಿ.ವಿ. ಮೂಲಕ, ಮೊಬೈಲ್ ಮೂಲಕ, ಕೊಲ್ಹಾಪುರ, ಪುಣೆ, ಮುಂಬೈ, ಗೋವಾಗಳಿಗೆ ದುಡಿಯಲು ಹೋಗಿ ಬಂದವರ ಬಾಯಿಮಾತಿನ ಮೂಲಕ ಊರೊಳಗೆ ಬರುತ್ತದೆ.

2025ರ ಮೇ ತಿಂಗಳಲ್ಲಿ ಅದು ಗೋಕಾಕ ತಾಲ್ಲೂಕಿನ ಒಂದು ಮನೆಯ ಬಾಗಿಲಿಗೇ ಬಂತು, ಆದರೆ ಯಾರೂ ನಿರೀಕ್ಷಿಸದ ರೀತಿಯಲ್ಲಿ. ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ಶಿವಮೊಗ್ಗದ ಮಂಜುನಾಥ ರಾವ್, ಬೆಂಗಳೂರಿನ ಭರತ್ ಭೂಷಣ್ ಅವರೂ ಇದ್ದರು. ಪ್ರವಾಸಿಗರನ್ನು ಉಳಿಸಲು ಹೋಗಿ ಗುಂಡಿಗೆ ಬಲಿಯಾದ ಸ್ಥಳೀಯ ಕುದುರೆ ಸವಾರ ಸೈಯದ್ ಆದಿಲ್ ಹುಸೇನ್ ಶಾ ಇದ್ದರು. ಅದೇ ವಾರದ ಶುಕ್ರವಾರ ದೇಶದ ಹಲವು ಮಸೀದಿಗಳಲ್ಲಿ ಜನ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಮಾಜು ಮಾಡಿದರು. ಮೇ 7ರಂದು, ಪಹಲ್ಗಾಮ್ ದಾಳಿಗೆ ಪ್ರತಿಯಾಗಿ ಸೇನೆ ನಡೆಸಿದ ‘ಆಪರೇಷನ್ ಸಿಂಧೂರ’ದ ವಿವರ ನೀಡಲು ಪತ್ರಕರ್ತರ ಮುಂದೆ ಕುಳಿತ ಇಬ್ಬರು ಮಹಿಳಾ ಅಧಿಕಾರಿಗಳಲ್ಲಿ ಒಬ್ಬರು ಕರ್ನಲ್ ಸೋಫಿಯಾ ಕುರೇಷಿ. ವಡೋದರಾದ ಅವರು ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ, ಪತಿಯೂ ಸೇನಾಧಿಕಾರಿ. ಗೋಕಾಕ ಜಲಪಾತದ ಮಗ್ಗುಲಿನ ಈ ಊರಿಗೆ ಅಂದು ಎಲ್ಲಿಲ್ಲದ ಸಂಭ್ರಮ. ಅಭಿನಂದಿಸಲು ಬಂದವರಿಂದ ಅತ್ತೆ–ಮಾವನ ಮನೆ ತುಂಬಿತು.

ಕೆಲವೇ ದಿನಗಳಲ್ಲಿ ಕೊಣ್ಣೂರಿನ ಆ ಮನೆಯ ಮೇಲೆ ದಾಳಿ ನಡೆದಿದೆ, ಮನೆಯವರು ಊರು ಬಿಟ್ಟಿದ್ದಾರೆ ಎಂಬ ಬರಹವೊಂದು ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿತು. ಬೆಳಗಾವಿ ಎಸ್‌ಪಿ ಭೀಮಾಶಂಕರ ಗುಳೇದ ಅದು ಶುದ್ಧ ಸುಳ್ಳು ಎಂದು ಪ್ರಕಟಿಸಿದರು, ಮನೆಗೆ ಪೊಲೀಸ್ ಕಾವಲು ಹಾಕಿದರು. ಅದೇ ವಾರ ಮಧ್ಯಪ್ರದೇಶದ ಸಚಿವರೊಬ್ಬರು ಸಭೆಯಲ್ಲಿ ಕರ್ನಲ್ ಅವರಿಗೆ ಭಯೋತ್ಪಾದಕರ ನಂಟು ಕಲ್ಪಿಸಿ ಮಾತಾಡಿದ್ದರು. ಅಲ್ಲಿನ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡು ಎಫ್‌ಐಆರ್ ದಾಖಲಿಸಲು ಆದೇಶಿಸಿತು. ಸಮವಸ್ತ್ರ ಧರಿಸಿ ದೇಶದ ಪರವಾಗಿ ಮಾತಾಡಿದ ಅಧಿಕಾರಿಗೂ ಆ ನಂಟಿನ ಮಾತು ತಪ್ಪಲಿಲ್ಲ ಎಂಬುದು ಗಮನಿಸಬೇಕಾದದ್ದು. ಮುಸ್ಲಿಮರು ‘ಎರಡು ಸಲ ಸಾಬೀತು ಮಾಡಬೇಕು’ ಎಂದು ಹೇಳಿಕೊಳ್ಳುವ ನೋವು ಇದೇ. 2006ರ ಸಾಚಾರ್ ಸಮಿತಿ ವರದಿಯೂ, ದೇಶನಿಷ್ಠೆಯ ಬಗ್ಗೆ ಸಂಶಯಕ್ಕೆ ಗುರಿಯಾಗುವುದು ಮತ್ತು ಓಲೈಕೆಗೆ ಪಾತ್ರರು ಎನಿಸಿಕೊಳ್ಳುವುದು ಎಂಬ ಎರಡು ಹೊರೆಗಳನ್ನು ಈ ಸಮುದಾಯ ಒಟ್ಟಿಗೆ ಹೊತ್ತಿದೆ ಎಂದು ದಾಖಲಿಸಿತ್ತು. ಕೊಣ್ಣೂರಿನ ಘಟನೆಗೆ ಇನ್ನೊಂದು ಮುಖವೂ ಇದೆ. ಸುಳ್ಳನ್ನು ಗಂಟೆಗಳೊಳಗೆ ಸುಳ್ಳೆಂದು ಹೇಳಿ, ಮನೆಯ ಮುಂದೆ ಕಾವಲು ನಿಂತ ಪೊಲೀಸರನ್ನು ಆ ಊರು ಕಂಡಿದೆ.

ಟಾಡಾದಿಂದ ಯುಎಪಿಎವರೆಗೆ

ಈಗ ಚಾಲ್ತಿಯಲ್ಲಿರುವ ಮುಖ್ಯ ಕಾನೂನು 1967ರ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಜನರ ಬಾಯಲ್ಲಿ ಯುಎಪಿಎ. ಮೊದಲಿಗೆ ಅದು ಸಂಘಟನೆಗಳನ್ನು ನಿಷೇಧಿಸಲು ಬಂದ ಕಾಯ್ದೆ. ಭಯೋತ್ಪಾದನೆಗೆ ಬೇರೆ ಕಾಯ್ದೆಗಳಿದ್ದವು. 1985ರಲ್ಲಿ ಬಂದು 1987ರಲ್ಲಿ ಹೊಸ ರೂಪ ಪಡೆದ ಟಾಡಾ 1995ರಲ್ಲಿ ಅವಧಿ ಮುಗಿದು ಹೋಯಿತು; ಅದನ್ನು ಮುಂದುವರಿಸಬಾರದು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಂದಿನ ಅಧ್ಯಕ್ಷ ರಂಗನಾಥ ಮಿಶ್ರಾ ಸಂಸದರಿಗೆ ಪತ್ರ ಬರೆದಿದ್ದರು. 2002ರಲ್ಲಿ ಬಂದ ಪೋಟಾ 2004ರಲ್ಲಿ ರದ್ದಾಯಿತು. ಪೋಟಾದ ಬಹಳಷ್ಟು ಅಂಶಗಳು ಅದೇ ವರ್ಷ ಯುಎಪಿಎ ಒಳಗೆ ಸೇರಿದವು. ಮುಂಬೈ ಮೇಲೆ 2008ರ ನವೆಂಬರ್ 26ರಂದು ದಾಳಿಯಾದ ಮೇಲೆ ಕಾಯ್ದೆ ಇನ್ನೂ ಬಿಗಿಯಾಯಿತು, ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ಹುಟ್ಟಿತು. 2019ರ ತಿದ್ದುಪಡಿಯ ನಂತರ ಸಂಘಟನೆ ಮಾತ್ರವಲ್ಲದೆ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಸರ್ಕಾರ ಘೋಷಿಸಬಹುದು.

ಆರೋಪಿಯ ಮನೆಯವರಿಗೆ ಈ ಕಾಯ್ದೆ ತಟ್ಟುವುದು ಎರಡು ಕಡೆ. ಸಾಮಾನ್ಯ ಅಪರಾಧದಲ್ಲಿ 60 ಅಥವಾ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಯುಎಪಿಎ ಅಡಿ ಸರ್ಕಾರಿ ವಕೀಲರ ವರದಿಯ ಮೇಲೆ ಕೋರ್ಟ್ ಆ ಗಡುವನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಎರಡನೆಯದು ಜಾಮೀನಿನ ಷರತ್ತು. ಆರೋಪ ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನು ಕೊಡುವ ಹಾಗಿಲ್ಲ. ಆ ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡುವಂತಿಲ್ಲ ಎಂದು 2019ರ ಏಪ್ರಿಲ್‌ನಲ್ಲಿ ವತಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಚಾರಣೆ ವರ್ಷಗಟ್ಟಲೆ ಎಳೆದರೆ ಕಾಯ್ದೆಯ ಷರತ್ತನ್ನು ಮೀರಿಯೂ ಜಾಮೀನು ಕೊಡಬಹುದು ಎಂದು 2021ರ ಫೆಬ್ರುವರಿಯಲ್ಲಿ ಕೆ.ಎ. ನಜೀಬ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಕೆಳಗಿನ ನ್ಯಾಯಾಲಯಗಳು ಈ ಎರಡು ತೀರ್ಪುಗಳ ನಡುವೆ ಓಲಾಡುತ್ತಿವೆ. ಜಾಮೀನು ಸಿಗುವುದು ಯಾವ ಪೀಠದ ಮುಂದೆ ಅರ್ಜಿ ಬಂತು ಎಂಬುದರ ಮೇಲೆ ನಿಲ್ಲುವಂತಾಗಿದೆ.

ಗೋಕಾಕದಂಥ ಊರಿಗೆ ಇದರ ಜೊತೆಗೆ ದೂರದ ಕಷ್ಟವೂ ಇದೆ. ಎನ್‌ಐಎ ವಿಶೇಷ ನ್ಯಾಯಾಲಯ ಇರುವುದು ಬೆಂಗಳೂರಿನಲ್ಲಿ, ಐನೂರು ಕಿಲೋಮೀಟರಿಗೂ ಆಚೆ. ದಿನಗೂಲಿಯ ಮನೆಯವರಿಗೆ ಒಂದು ಹಾಜರಿ ಎಂದರೆ ಎರಡು ರಾತ್ರಿಯ ಬಸ್ಸು, ಮೂರು ದಿನದ ಕೂಲಿ ಹೋದಂತೆ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಬಂದ ಮೇಲೆ ಮೇಲ್ಮನವಿಯ ಹಾದಿ ಸ್ವಲ್ಪ ಹತ್ತಿರವಾಗಿದೆ, ವಿಚಾರಣೆಯದು ಹತ್ತಿರವಾಗಿಲ್ಲ.

ಕಲಬುರಗಿಯ ವಿದ್ಯಾರ್ಥಿ, ಹುಬ್ಬಳ್ಳಿಯ ಕಾಲೇಜು

ಮುಸ್ಲಿಮರ ಸಭೆಗಳಲ್ಲಿ ಮತ್ತೆ ಮತ್ತೆ ನೆನಪಾಗುವುದು ಕಲಬುರಗಿಯ ಪ್ರಕರಣ. 1993ರ ಡಿಸೆಂಬರ್‌ನಲ್ಲಿ ದೇಶದ ಹಲವು ರೈಲುಗಳಲ್ಲಿ ಸ್ಫೋಟಗಳಾದವು. 1994ರ ಜನವರಿ 15ರಂದು ಫಾರ್ಮಸಿ ಡಿಪ್ಲೊಮಾ ಓದುತ್ತಿದ್ದ ಇಪ್ಪತ್ತರ ಆಸುಪಾಸಿನ ಯುವಕನನ್ನು ಹೈದರಾಬಾದ್ ಪೊಲೀಸರು ಹಿಡಿದೊಯ್ದರು. ಪರೀಕ್ಷೆಗೆ ಹದಿನೈದು ದಿನ ಬಾಕಿ ಇತ್ತು. ಏಪ್ರಿಲ್‌ನಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದ ಅಣ್ಣನ ಬಂಧನವಾಯಿತು. ಟಾಡಾ ಹಾಕಲಾಯಿತು. ಆ ಕಾಯ್ದೆಯಡಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತಿತ್ತು. ಪ್ರಕರಣ ನಿಂತದ್ದೂ ಅದರ ಮೇಲೆಯೇ. ಅಜ್ಮೀರದ ಟಾಡಾ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅಣ್ಣನಿಗೆ ಜೈಲಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂತು. ಆರೋಗ್ಯದ ಕಾರಣಕ್ಕೆ ಆತನನ್ನು 2008ರಲ್ಲಿ ಬಿಟ್ಟರು. ಮಕ್ಕಳ ಸಲುವಾಗಿ ಕೋರ್ಟಿಗೆ ಅಲೆದ ತಂದೆ ತೀರ್ಪು ಕಾಣದೆ ತೀರಿಕೊಂಡರು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ತಮ್ಮನನ್ನು ಆರೋಪಮುಕ್ತಗೊಳಿಸಿತು. ಜೈಪುರದ ಜೈಲಿನಿಂದ ಹೊರಗೆ ಬಂದಾಗ ಬಂಧನವಾಗಿ 22 ವರ್ಷ ಮೀರಿತ್ತು.

ತಪ್ಪೊಪ್ಪಿಗೆಯ ಆ ಅಂಶ ಯುಎಪಿಎಯಲ್ಲಿ ಇಲ್ಲ. ಆದರೆ ಕರ್ನಾಟಕದ್ದೇ ಆದ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ, ಅಂದರೆ ಕೋಕಾದಲ್ಲಿ, ಅದು ಹಾಗೆಯೇ ಉಳಿದಿದೆ. ಸಂಶೋಧನೆ, ವಿಧಿವಿಜ್ಞಾನ ಇಷ್ಟು ಬೆಳೆದಿರುವ ಕಾಲದಲ್ಲಿ ಠಾಣೆಯೊಳಗಿನ ತಪ್ಪೊಪ್ಪಿಗೆಯ ಮೇಲೆ ಭಾರ ಹಾಕುವ ಕಾನೂನು ತನಿಖೆಯನ್ನೇ ಸೋಮಾರಿ ಮಾಡುತ್ತದೆ.

ಬೆಳಗಾವಿ ಜಿಲ್ಲೆಗೆ ಹತ್ತಿರದ ಪ್ರಕರಣ ಹುಬ್ಬಳ್ಳಿಯದು. 2008ರ ಜನವರಿಯಲ್ಲಿ ದಾವಣಗೆರೆ ಜಿಲ್ಲೆಯ ಹೊನ್ನಾಳಿಯಲ್ಲಿ ಬೈಕ್ ಕಳವಿನ ಸಂಶಯದ ಮೇಲೆ ಇಬ್ಬರು ಯುವಕರು ಸಿಕ್ಕರು. ಅವರಲ್ಲಿ ಒಬ್ಬ ಹುಬ್ಬಳ್ಳಿ ಕಿಮ್ಸ್‌ನ ವೈದ್ಯಕೀಯ ವಿದ್ಯಾರ್ಥಿ. ವಿಚಾರಣೆ ಮುಂದುವರಿದಂತೆ ವೈದ್ಯಕೀಯ, ಎಂಜಿನಿಯರಿಂಗ್ ಓದುತ್ತಿದ್ದ ಇನ್ನಷ್ಟು ಹುಡುಗರು ಜೈಲು ಸೇರಿದರು. 2001ರಿಂದ ನಿಷೇಧದಲ್ಲಿದ್ದ ಸಿಮಿ ಸಂಘಟನೆಯ ಸಂಚು ಇದು ಎಂಬುದು ಆರೋಪ. ಏಳು ವರ್ಷಗಳ ತರುವಾಯ, 2015ರ ಏಪ್ರಿಲ್ 30ರಂದು, ಹುಬ್ಬಳ್ಳಿಯ ನ್ಯಾಯಾಲಯ 17 ಮಂದಿಯನ್ನೂ ಖುಲಾಸೆ ಮಾಡಿತು. ಕೆಲವರ ಮೇಲೆ ಗುಜರಾತ್ ಮುಂತಾದ ಕಡೆಯ ಪ್ರಕರಣಗಳೂ ಇದ್ದುದರಿಂದ ಎಲ್ಲರೂ ಅಂದೇ ಮನೆಗೆ ಬರಲಿಲ್ಲ. ಬಂದವರಿಗಾದರೂ ಏಳು ವರ್ಷಗಳ ಹಿಂದೆ ಬಿಟ್ಟುಹೋದ ವೈದ್ಯಕೀಯ ಸೀಟು ಕಾದಿರಲಿಲ್ಲ. ಒಂದು ತಾಲ್ಲೂಕಿನಿಂದ ವರ್ಷಕ್ಕೆ ಬೆರಳೆಣಿಕೆಯ ಮುಸ್ಲಿಂ ಮಕ್ಕಳು ಡಾಕ್ಟರಿಕೆಗೆ ಹೋಗುವ ಕಡೆ ಇಂಥ ಪ್ರಕರಣದ ಹೊಡೆತ ಆರೋಪಿಗಳ ಮನೆಯಷ್ಟಕ್ಕೇ ನಿಲ್ಲುವುದಿಲ್ಲ.

ಆ ಪ್ರಕರಣದ ನಡುವೆಯೇ, 2008ರ ಮೇ 10ರಂದು, ವಿಧಾನಸಭಾ ಚುನಾವಣೆಯ ಮೊದಲ ಹಂತದ ಮತದಾನದ ದಿನ ಹುಬ್ಬಳ್ಳಿಯ ನ್ಯಾಯಾಲಯದ ಕೋಣೆಯೊಂದರಲ್ಲಿ ಸ್ಫೋಟವಾಯಿತು. ಮೊದಲ ಸಂಶಯ ಹೋದದ್ದು ಸಿಮಿಯ ಕಡೆಗೆ. ಮರುವರ್ಷದ ಜನವರಿಯಲ್ಲಿ ಪೊಲೀಸರು ಬಂಧಿಸಿದ್ದು ಬೇರೆಯೇ ಗುಂಪನ್ನು. ಅದರ ಮುಖಂಡನಿಗೆ ಹಿಂದುತ್ವ ಸಂಘಟನೆಯೊಂದರ ನಂಟಿತ್ತೆಂದು ಆಗ ವರದಿಯಾಯಿತು. ಮೊದಲ ಸಂಶಯದ ಸುದ್ದಿ ಮುಖಪುಟದಲ್ಲಿ ಬಂದಷ್ಟು ದೊಡ್ಡದಾಗಿ ಎರಡನೆಯ ಸುದ್ದಿ ಜನಮನದಲ್ಲಿ ಉಳಿಯಲಿಲ್ಲ.

2012ರ ಆಗಸ್ಟ್ 29ರಂದು ಬೆಂಗಳೂರು ಮತ್ತು ಹುಬ್ಬಳ್ಳಿಗಳಲ್ಲಿ ಒಟ್ಟಿಗೆ ಬಂಧನಗಳಾದವು. ಪತ್ರಕರ್ತರು, ರಾಜಕಾರಣಿಗಳನ್ನು ಕೊಲ್ಲುವ ಸಂಚು ಎಂಬುದು ಆರೋಪ. ಇಂಗ್ಲಿಷ್ ದಿನಪತ್ರಿಕೆಯೊಂದರ ಯುವ ವರದಿಗಾರ, ಡಿಆರ್‌ಡಿಒದ ಕಿರಿಯ ಸಂಶೋಧಕ ಕೂಡ ಅದರಲ್ಲಿದ್ದರು. ವರದಿಗಾರನೇ ಸಂಚಿನ ಸೂತ್ರಧಾರ ಎಂದು ಟಿ.ವಿ.ಗಳು ಸಾರಿದವು. ಆತನ ವಿರುದ್ಧ ಸಾಕ್ಷ್ಯವಿಲ್ಲವೆಂದು ಎನ್‌ಐಎ ಹೇಳಿದ ಮೇಲೆ 2013ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಸಂಶೋಧಕನೂ ಆರೋಪದಿಂದ ಹೊರಬಂದ. ಹೊರಗೆ ಬಂದ ವರದಿಗಾರ ಪೊಲೀಸರಿಗಿಂತ ಹೆಚ್ಚಾಗಿ ತನ್ನ ವೃತ್ತಿಬಾಂಧವರ ಬರವಣಿಗೆಯನ್ನು ಪ್ರಶ್ನಿಸಿದ. ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಪ್ರಕರಣದಲ್ಲಿ 13 ಮಂದಿ 2016ರಲ್ಲಿ ವಿಶೇಷ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು ಐದು ವರ್ಷಗಳ ಶಿಕ್ಷೆಗೆ ಒಳಗಾದರು. ಅಷ್ಟರಲ್ಲಿ ನಾಲ್ಕು ವರ್ಷ ಜೈಲಿನಲ್ಲೇ ಕಳೆದಿತ್ತು. ವಿಚಾರಣೆಗೆ ಕಾಯುವುದಕ್ಕಿಂತ ತಪ್ಪೊಪ್ಪಿಕೊಂಡರೆ ಬೇಗ ಮನೆ ಸೇರಬಹುದೆಂಬ ಲೆಕ್ಕ ಇಂಥ ಕಡೆ ಇರುತ್ತದೆ ಎಂದು ವಕೀಲರು ಹೇಳುತ್ತಾರೆ. ತಪ್ಪು ನಿಜವಾಗಿಯೂ ಇತ್ತು ಎಂದು ಪ್ರಾಸಿಕ್ಯೂಷನ್ ಹೇಳುತ್ತದೆ. ಸಾಕ್ಷ್ಯದ ಪರೀಕ್ಷೆಯೇ ಪೂರ್ತಿ ನಡೆಯದ ಮೇಲೆ ಹೊರಗಿನವರಿಗೆ ನಿಜ ತಿಳಿಯುವ ದಾರಿ ಉಳಿಯುವುದಿಲ್ಲ. ಇದು ಪೊಲೀಸರಿಗೂ ಒಳ್ಳೆಯದಲ್ಲ.

ಬ್ರಿಸ್ಬೇನ್‌ನಲ್ಲಿ ಮೂಡಿಗೆರೆಯ ಡಾಕ್ಟರು

ಒಂದೇ ಬಗೆಯ ತಪ್ಪನ್ನು ಬೇರೊಂದು ದೇಶ ಹೇಗೆ ತಿದ್ದಿಕೊಂಡಿತು ಎಂಬುದನ್ನು ಕನ್ನಡ ನಾಡಿನದೇ ಒಂದು ಪ್ರಕರಣ ತೋರಿಸುತ್ತದೆ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವರಲ್ಲಿ ಬೆಂಗಳೂರಿನ ಕಫೀಲ್ ಅಹಮದ್ ಒಬ್ಬ. ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಿ ಓದಿದ ಎಂಜಿನಿಯರ್. ಸುಟ್ಟ ಗಾಯಗಳಿಂದ ಆಗಸ್ಟ್ 2ರಂದು ಸತ್ತ. ಅವನ ದೂರದ ಸೋದರ ಸಂಬಂಧಿ, ಮೂಡಿಗೆರೆಯಲ್ಲಿ ಬೆಳೆದ ಡಾ. ಮೊಹಮ್ಮದ್ ಹನೀಫ್ ಆಗ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಹೋಗುವ ಟಿಕೆಟ್ ಮಾತ್ರ ಇತ್ತು, ಬರುವುದು ಇರಲಿಲ್ಲ ಎಂಬುದೇ ಸಂಶಯವಾಯಿತು.

ಮುಖ್ಯ ಸಾಕ್ಷ್ಯ ಒಂದು ಸಿಮ್ ಕಾರ್ಡ್. 2006ರಲ್ಲಿ ಇಂಗ್ಲೆಂಡ್ ಬಿಡುವಾಗ ಹನೀಫ್ ಅದನ್ನು ಕಫೀಲನ ತಮ್ಮನಿಗೆ ಕೊಟ್ಟು ಬಂದಿದ್ದರು. ಅದು ಗ್ಲಾಸ್ಗೊದಲ್ಲಿ ಉರಿದ ಜೀಪಿನಲ್ಲೇ ಸಿಕ್ಕಿತೆಂದು ಕೋರ್ಟಿಗೆ ಹೇಳಲಾಯಿತು. ನಿಜಕ್ಕೂ ಅದು ಸಿಕ್ಕಿದ್ದು ಮುನ್ನೂರು ಕಿಲೋಮೀಟರ್‌ಗಳಷ್ಟು ದೂರದ ಲಿವರ್‌ಪೂಲ್‌ನಲ್ಲಿ, ತಮ್ಮನ ಬಳಿ. ಆರೋಪ ಹೊರಿಸದೆ ಹನ್ನೆರಡು ದಿನ ಇಟ್ಟುಕೊಂಡಿದ್ದರು. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರೆ, ಅದೇ ದಿನ ವಲಸೆ ಸಚಿವ ಕೆವಿನ್ ಆಂಡ್ರೂಸ್ ವೀಸಾ ರದ್ದು ಮಾಡಿ ಮತ್ತೆ ಒಳಗೆ ಇಡಿಸಿದರು. ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ಲಿಖಿತ ಪ್ರತಿಯನ್ನೇ ಪತ್ರಿಕೆಗೆ ಕೊಟ್ಟ ಮೇಲೆ ಜನಕ್ಕೆ ಪ್ರಕರಣದ ಪೊಳ್ಳು ತಿಳಿಯಿತು. ಜುಲೈ 27ರಂದು ಆರೋಪ ಕೈಬಿಟ್ಟರು. ಅಲ್ಲಿನ ಸರ್ಕಾರ ನೇಮಿಸಿದ ಕ್ಲಾರ್ಕ್ ವಿಚಾರಣಾ ಆಯೋಗ 2008ರಲ್ಲಿ ಹನೀಫ್ ನಿರಪರಾಧಿ ಎಂದಿತು. 2010ರಲ್ಲಿ ಪರಿಹಾರ ಕೊಟ್ಟರು. ಆರೋಪವಿಲ್ಲದೆ ಇಟ್ಟುಕೊಳ್ಳುವ ಅವಧಿಗೆ ಮಿತಿ ಹಾಕಿದರು. ಭದ್ರತಾ ಕಾನೂನುಗಳನ್ನು ಸದಾ ಪರಿಶೀಲಿಸಲು ಸ್ವತಂತ್ರ ಅಧಿಕಾರಿಯ ಹುದ್ದೆಯನ್ನೇ ಸೃಷ್ಟಿಸಿದರು. ಅಲ್ಲಿ ಹನ್ನೆರಡು ದಿನ ರಾಷ್ಟ್ರದ ಹಗರಣವಾಯಿತು. ಇಲ್ಲಿ ಆರೋಪಪಟ್ಟಿಯಿಲ್ಲದೆ ನೂರೆಂಬತ್ತು ದಿನ ಇಟ್ಟುಕೊಳ್ಳುವುದು ಕಾನೂನಿನ ಒಳಗೇ ಇದೆ.

ಗಲಭೆಗೂ ಯುಎಪಿಎ

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ, 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ನಡೆದದ್ದು ಗುಂಪುಗಲಭೆ. ಎರಡಕ್ಕೂ ಕಿಡಿ ತಾಗಿದ್ದು ಸಾಮಾಜಿಕ ಜಾಲತಾಣದ ಬರಹದಿಂದ. ಮೊದಲನೆಯದರಲ್ಲಿ ಪುಲಕೇಶಿನಗರದ ಅಂದಿನ ಶಾಸಕ ಅಖಂಡ ಶ್ರೀನಿವಾಸಮೂರ್ತಿ ಅವರ ಮನೆ ಸುಟ್ಟಿತು, ಠಾಣೆಗಳಿಗೆ ಬೆಂಕಿ ಬಿತ್ತು, ಗೋಲಿಬಾರ್‌ನಲ್ಲಿ ಮೂವರು ಸತ್ತರು. ಎರಡನೆಯದರಲ್ಲಿ ಪೊಲೀಸರು ಗಾಯಗೊಂಡರು. ಎರಡೂ ಕಡೆ ಯುಎಪಿಎ ಹಾಕಿದರು. ಕಲ್ಲು ತೂರಿದವನಿಗೆ ಶಿಕ್ಷೆಯಾಗಲಿ ಎಂಬುದರಲ್ಲಿ ಮಸೀದಿ ಜಮಾತ್‌ಗಳಿಗೂ ತಕರಾರಿರಲಿಲ್ಲ. ಗಲಭೆಗೆ ದಂಡಸಂಹಿತೆಯಲ್ಲೇ ಸಾಕಷ್ಟು ಕಲಮುಗಳಿರುವಾಗ ಭಯೋತ್ಪಾದನೆಯ ಕಾಯ್ದೆ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಠಾಣೆಯನ್ನೇ ಸುಡಲು ಬಂದ ಗುಂಪನ್ನು ಸಾಮಾನ್ಯ ಗಲಭೆಕೋರರೆಂದು ನೋಡಲಾಗದು ಎಂಬುದು ಸರ್ಕಾರದ ಉತ್ತರ. ಈ ಪ್ರಶ್ನೆಯಲ್ಲಿ ಸಮುದಾಯದ ವಾದವೇ ಹೆಚ್ಚು ಗಟ್ಟಿ. ಗುಂಪಿನಲ್ಲಿ ನಿಂತವನಿಗೂ ಬಾಂಬ್ ಕಟ್ಟಿದವನಿಗೂ ಒಂದೇ ಜಾಮೀನು ನಿಯಮ ಹಾಕಿದರೆ ಕಾನೂನು ಅಪರಾಧದ ತೂಕವನ್ನು ನೋಡದಂತಾಗುತ್ತದೆ.

ಡಿ.ಜೆ. ಹಳ್ಳಿ ಪ್ರಕರಣದಲ್ಲಿ 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ನೂರಕ್ಕೂ ಹೆಚ್ಚು ಮಂದಿಗೆ ಜಾಮೀನು ಕೊಟ್ಟಿತು. ಕಾರಣ ಸರಳ. ಆರೋಪಪಟ್ಟಿಯ ಗಡುವು ವಿಸ್ತರಿಸುವಾಗ ಆರೋಪಿಗಳ ಮಾತನ್ನೇ ಕೇಳಿರಲಿಲ್ಲ. ಮುಂದಿನ ವರ್ಷ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಗಡುವು ವಿಸ್ತರಿಸುವಾಗ ಆರೋಪಿ ಹಾಜರಿರಬೇಕು ಎಂದಿತು. ಹುಬ್ಬಳ್ಳಿಯ ಪ್ರಕರಣ ಬೇರೆ ದಾರಿ ಹಿಡಿಯಿತು. ಅಂಜುಮನ್ ಸಂಸ್ಥೆಯ ಮನವಿಯ ಮೇಲೆ ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಅದನ್ನೂ ಸೇರಿಸಿ 43 ಪ್ರಕರಣ ಹಿಂಪಡೆಯಲು ಆದೇಶಿಸಿತು. 2025ರ ಮೇ 29ರಂದು ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಸರ್ಕಾರ ಹಾಕಿದ ಕೇಸನ್ನು ಇನ್ನೊಂದು ಸರ್ಕಾರ ತೆಗೆಯುವ ಈ ದಾರಿ ನಿರಪರಾಧಿಗೂ ಒಳಿತಲ್ಲ. ನಿರಪರಾಧಿಗೆ ಬೇಕಾದದ್ದು ಕೋರ್ಟಿನ ತೀರ್ಪು. ರಾಜಕೀಯದ ದಯೆಯಿಂದ ಬಿಡುಗಡೆಯಾದವನ ಮೇಲೆ ಸಂಶಯ ಹಾಗೆಯೇ ಉಳಿಯುತ್ತದೆ.

ಸಮುದಾಯದೊಳಗಿನ ಭಿನ್ನಮತ

ಮುಸ್ಲಿಮರ ನಿಲುವು ಒಂದೇ ಎಂದು ತಿಳಿಯುವುದು ತಪ್ಪು. 2022ರ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ (ಪಿಎಫ್‌ಐ) ಸಂಘಟನೆಯನ್ನು ಐದು ವರ್ಷ ನಿಷೇಧಿಸಿದಾಗ ಸೂಫಿ ಸಜ್ಜಾದಾನಶೀನರ ಮಂಡಳಿ ಸ್ವಾಗತಿಸಿತು. ಜಮಾಅತೆ ಇಸ್ಲಾಮಿ ಹಿಂದ್, ಪಿಎಫ್‌ಐ ಜೊತೆ ತನಗೆ ಸಹಮತವಿಲ್ಲದಿದ್ದರೂ ಸಂಘಟನೆಯನ್ನೇ ನಿಷೇಧಿಸುವುದು ಪರಿಹಾರವಲ್ಲ ಎಂಬ ನಿಲುವು ತಳೆಯಿತು. ಬೆಂಗಳೂರಿನ ಅರ್ಜಿದಾರರೊಬ್ಬರು ನಿಷೇಧವನ್ನು ಪ್ರಶ್ನಿಸಿದರು. ಹೈಕೋರ್ಟ್ ನವೆಂಬರ್‌ನಲ್ಲಿ ಅರ್ಜಿ ವಜಾ ಮಾಡಿತು. ದರ್ಗಾ ಪರಂಪರೆಯೇ ಗಟ್ಟಿಯಾಗಿರುವ ಗೋಕಾಕ–ಹುಕ್ಕೇರಿ ಸೀಮೆಗೂ ಪಿಎಫ್‌ಐ ಬಲವಾಗಿದ್ದ ಕರಾವಳಿಗೂ ಈ ವಿಷಯದಲ್ಲಿ ಧ್ವನಿ ಬೇರೆ.

ಧಾರ್ಮಿಕ ನಾಯಕತ್ವದ ಮಾತು ಮಾತ್ರ ಬಹಳ ಹಿಂದೆಯೇ ಸ್ಪಷ್ಟವಾಗಿತ್ತು. 2008ರ ಫೆಬ್ರುವರಿ 25ರಂದು ದೇವಬಂದ್‌ನ ದಾರುಲ್ ಉಲೂಮ್ ಕರೆದ ಸಮಾವೇಶ, ನಿರಪರಾಧಿಗಳನ್ನು ಕೊಲ್ಲುವ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದು ಸಾರಿತು; ಅದೇ ಘೋಷಣೆಯಲ್ಲಿ ಮುಸ್ಲಿಂ ಯುವಕರನ್ನು ಸುಳ್ಳು ಪ್ರಕರಣಗಳಲ್ಲಿ ಸಿಲುಕಿಸುವುದನ್ನೂ ಖಂಡಿಸಿತು. ಎರಡು ಮಾತು, ಒಂದೇ ಕಾಗದ. ಆ ವರ್ಷದ ನವೆಂಬರ್ ದಾಳಿಯ ನಂತರ ಮುಂಬೈನ ಜಾಮಾ ಮಸೀದಿ ಟ್ರಸ್ಟ್ ಸತ್ತ ಉಗ್ರರಿಗೆ ಕಬರಸ್ತಾನದಲ್ಲಿ ಜಾಗ ಕೊಡಲಿಲ್ಲ.

ಭಟ್ಕಳದ ಸಂಕಟ ಇನ್ನೊಂದು ಬಗೆಯದು. ಭಯೋತ್ಪಾದಕ ಸಂಘಟನೆ ಇಂಡಿಯನ್ ಮುಜಾಹಿದೀನ್‌ನ ಯಾಸಿನ್, ರಿಯಾಜ್ ಹುಟ್ಟಿದ್ದು ಆ ಊರಿನಲ್ಲಿ. ಯಾಸಿನ್ 2013ರಲ್ಲಿ ಸಿಕ್ಕಿಬಿದ್ದ. ಹೈದರಾಬಾದಿನ ದಿಲ್‌ಸುಖ್‌ನಗರ ಸ್ಫೋಟದಲ್ಲಿ 2016ರಲ್ಲಿ ಗಲ್ಲುಶಿಕ್ಷೆಗೆ ಗುರಿಯಾದ. ಅಪರಾಧ ಸಾಬೀತಾದದ್ದರ ಬಗ್ಗೆ ಊರಿಗೆ ತಕರಾರಿಲ್ಲ. ಅವರ ಹೆಸರಿನ ಮುಂದೆ ಊರಿನ ಹೆಸರು ಅಂಟಿದ್ದರಿಂದ ಕೆಲಸಕ್ಕೆ, ಪಾಸ್‌ಪೋರ್ಟಿಗೆ, ಬಾಡಿಗೆ ಮನೆಗೆ ಹೋದ ಪ್ರತಿ ಭಟ್ಕಳದವನೂ ವಿವರಣೆ ಕೊಡಬೇಕಾದದ್ದರ ಬಗ್ಗೆ ತಕರಾರು. 1912ರಲ್ಲಿ ಹುಟ್ಟಿದ ಅಲ್ಲಿನ ಮಜ್ಲಿಸೆ ಇಸ್ಲಾಹ್ ವ ತಂಜೀಮ್ ಈ ಬಗ್ಗೆ ಬಹಳ ವರ್ಷ ದನಿಯೆತ್ತಿದೆ.

ಮಹಾರಾಷ್ಟ್ರದ ಗಡಿಯ ಈ ತಾಲ್ಲೂಕುಗಳಲ್ಲಿ 2025ರ ಜುಲೈ ತಿಂಗಳ ಎರಡು ತೀರ್ಪುಗಳ ಹೋಲಿಕೆ ಸಹಜವಾಗಿಯೇ ನಡೆಯಿತು. 2006ರ ಮುಂಬೈ ರೈಲು ಸ್ಫೋಟದಲ್ಲಿ ಹನ್ನೆರಡು ಮಂದಿಯನ್ನು ಬಾಂಬೆ ಹೈಕೋರ್ಟ್ ಜುಲೈ 21ರಂದು ಖುಲಾಸೆ ಮಾಡಿತು. ರಾಜ್ಯ ಸರ್ಕಾರ ತಕ್ಷಣ ಸುಪ್ರೀಂ ಕೋರ್ಟಿಗೆ ಹೋಯಿತು. 2008ರ ಮಾಲೇಗಾಂವ್ ಸ್ಫೋಟದಲ್ಲಿ ಏಳು ಮಂದಿ ಹಿಂದೂ ಆರೋಪಿಗಳನ್ನು ವಿಶೇಷ ನ್ಯಾಯಾಲಯ ಜುಲೈ 31ರಂದು ಬಿಟ್ಟಿತು. ಆ ಸ್ಫೋಟದಲ್ಲಿ ಸತ್ತ ಆರು ಮಂದಿ ಮುಸ್ಲಿಮರು. ಮೇಲ್ಮನವಿಗೆ ಹೋದವರು ಸತ್ತವರ ಮನೆಯವರೇ. ಭಯೋತ್ಪಾದನೆಯ ಪ್ರಕರಣ ಗಟ್ಟಿಯಾಗಿ ನಡೆಯಲಿ ಎಂದು ಕೋರ್ಟಿನ ಬಾಗಿಲು ತಟ್ಟಿದವರೂ ಮುಸ್ಲಿಮರೇ ಎಂಬುದು ಇಲ್ಲಿ ಮರೆಯಬಾರದ ಸಂಗತಿ. ಎರಡೂ ಪ್ರಕರಣಗಳಲ್ಲಿ ಸತ್ತವರಿಗೆ ಹದಿನೇಳು, ಹತ್ತೊಂಬತ್ತು ವರ್ಷಗಳ ಮೇಲೂ ಕೊಂದವರು ಯಾರೆಂಬ ಉತ್ತರ ಸಿಕ್ಕಿಲ್ಲ.

ದೇಶದ ಅಂಕಿಸಂಖ್ಯೆಯೂ ಇದಕ್ಕೆ ಹೊಂದುತ್ತದೆ. 2016ರಿಂದ 2020ರವರೆಗಿನ ಐದು ವರ್ಷಗಳಲ್ಲಿ 5,027 ಯುಎಪಿಎ ಪ್ರಕರಣಗಳಲ್ಲಿ 24,134 ಮಂದಿ ಆರೋಪಿಗಳಾದರು ಎಂದು ಕೇಂದ್ರ ಗೃಹ ಸಚಿವಾಲಯ 2022ರಲ್ಲಿ ಸಂಸತ್ತಿಗೆ ತಿಳಿಸಿತು. ಆ ಅವಧಿಯಲ್ಲಿ ಶಿಕ್ಷೆಯಾದದ್ದು 212 ಮಂದಿಗೆ, ಖುಲಾಸೆಯಾದದ್ದು 386 ಮಂದಿಗೆ. ಉಳಿದವರಲ್ಲಿ ಹೆಚ್ಚಿನವರು ಕಾಯುತ್ತಿದ್ದರು. ಇದರಲ್ಲಿ ಯಾವ ಧರ್ಮದವರು ಎಷ್ಟು ಎಂಬ ಲೆಕ್ಕವನ್ನು ಸರ್ಕಾರ ಕೊಡುವುದಿಲ್ಲ. ಕಾಯುವವರ ಪರ ನಿಲ್ಲುವ ವ್ಯವಸ್ಥೆ ಬಹುಪಾಲು ಸಮುದಾಯವೇ ಕಟ್ಟಿಕೊಂಡದ್ದು. ಮಹಾರಾಷ್ಟ್ರದ ಜಮೀಅತ್ ಉಲಮಾದ ಕಾನೂನು ನೆರವು ವಿಭಾಗವನ್ನು ಗುಲ್ಜಾರ್ ಆಜ್ಮಿ ಸಾಯುವವರೆಗೂ ನಡೆಸಿದರು. 2006ರಲ್ಲಿ ಹುಟ್ಟಿದ ನಾಗರಿಕ ಹಕ್ಕುಗಳ ಸಂಸ್ಥೆ ಎಪಿಸಿಆರ್ ಕರ್ನಾಟಕದಲ್ಲೂ ಕೆಲಸ ಮಾಡುತ್ತದೆ. ಪಿಯುಸಿಎಲ್‌ನಂಥ ಸಂಸ್ಥೆಗಳಲ್ಲಿ ಎಲ್ಲ ಧರ್ಮದ ವಕೀಲರಿದ್ದಾರೆ. ಬಂಧನದ ಕಾರಣಗಳನ್ನು ಆರೋಪಿಗೆ ಬರಹದಲ್ಲೇ ಕೊಡಬೇಕು ಎಂದು 2024ರ ಮೇ ತಿಂಗಳಲ್ಲಿ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂಥ ವಕೀಲರ ಕೈಗೆ ಸಿಕ್ಕ ಉಪಯುಕ್ತ ಆಧಾರ. ಮಧ್ಯರಾತ್ರಿ ಕರೆದೊಯ್ದ ಮಗ ಯಾವ ಕಲಮಿನಡಿ, ಯಾವ ಠಾಣೆಯಲ್ಲಿದ್ದಾನೆ ಎಂದು ತಿಳಿಯದೆ ಊರೂರು ಅಲೆಯುವ ಪಾಡು ಅದರಿಂದಾದರೂ ತಪ್ಪಬೇಕು.

ಖುಲಾಸೆಯಾದವರ ಪ್ರಶ್ನೆ ಉಳಿಯುತ್ತದೆ. 2007ರ ಹೈದರಾಬಾದ್ ಮಕ್ಕಾ ಮಸೀದಿ ಸ್ಫೋಟದ ನಂತರ ತಪ್ಪಾಗಿ ಬಂಧಿತರಾದ ಯುವಕರಿಗೆ ಆಂಧ್ರಪ್ರದೇಶ ಸರ್ಕಾರ ಪರಿಹಾರ ಕೊಟ್ಟಿತ್ತು. 2013ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು, ಕೊಡಲು ಕಾನೂನಿನ ಆಧಾರವಿಲ್ಲವೆಂದು. ತಪ್ಪು ಮೊಕದ್ದಮೆಗೆ ಒಳಗಾದವರಿಗೆ ಪರಿಹಾರ ಕೊಡಲು ಕಾನೂನು ತರಬೇಕೆಂದು ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮು ಭಯೋತ್ಪಾದನೆಯನ್ನು ಸಾಮಾನ್ಯ ದಂಡಸಂಹಿತೆಯೊಳಗೂ ತಂದಿದೆ. ಯಾವ ಕಾಯ್ದೆಯಡಿ ಕೇಸು ಎಂಬುದನ್ನು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತೀರ್ಮಾನಿಸಬೇಕು. ಆಯೋಗ ಕೇಳಿದ ಪರಿಹಾರದ ವ್ಯವಸ್ಥೆ ಆ ಹೊಸ ಕಾನೂನುಗಳಲ್ಲಿ ಸೇರಲಿಲ್ಲ.